ಕ್ಲಾಸ್‌ರೂಮಿನಲ್ಲಿ ನಿಂತುಹೋದ ಚೀನೀ ಸಿನಿಮಾ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಅಮೆರಿಕದ ಆಸ್ಟಿನ್‌ನಲ್ಲಿ ಸಿನಿಮಾ ಓದುತ್ತಿದ್ದೆ. ಆರ್ಥಿಕ ಸುಧಾರಣೆ ಚೀನಾದ ಸ್ಟುಡಿಯೋಗಳನ್ನು ಏನು ಮಾಡಿತು ಎಂಬುದು ನನ್ನ ಪ್ರಬಂಧದ ವಿಷಯ. ಅಂಥದೊಂದು ಸರ್ಕಾರಿ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ಎಡಿಟರ್ ಆಗಿದ್ದ ಹೆಂಗಸೊಬ್ಬರು ಹೂಸ್ಟನ್ ಬಳಿಯ ಸೈಪ್ರೆಸ್‌ನಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿದು ಹೋಗಿ ಕಂಡೆ.

ಮೊಮ್ಮಗಳಿಗೆ ಉಣ್ಣಿಸುತ್ತಲೇ ಅವರು ತಮ್ಮ ಹರಕು ಇಂಗ್ಲಿಷ್‌ನಲ್ಲಿ ಹೇಳಿದರು. ಮೊದಲೆಲ್ಲ ಕಥೆಗೆ ಮೇಲಿನವರ ಒಪ್ಪಿಗೆ ಬೇಕಿತ್ತು. ಆದರೆ ತೆಗೆದದ್ದನ್ನೆಲ್ಲ ಸರ್ಕಾರವೇ ಕೊಳ್ಳುತ್ತಿತ್ತು. ಆಮೇಲೆ, ನಿಮ್ಮ ಬಂಡವಾಳ ನೀವೇ ಹುಡುಕಿಕೊಳ್ಳಿ ಎಂದುಬಿಟ್ಟರು. ಹಾಲಿವುಡ್ ಚಿತ್ರಗಳು ಬಂದವು. ಖಾಸಗಿ ನಿರ್ಮಾಪಕರು ತೆಗೆದ ಚಿತ್ರಗಳ ಮೇಲೆ ಹಾಕಿಕೊಳ್ಳಲು ಸ್ಟುಡಿಯೋ ತನ್ನ ಹೆಸರನ್ನೇ ಮಾರತೊಡಗಿತು. ಎಡಿಟಿಂಗ್ ಕೋಣೆ ಸೋಫಾ ಅಂಗಡಿಯಾಯಿತು. ಕೊನೇ ಸಿನಿಮಾ ಬಿಡುಗಡೆಯಾಗುವ ಮೊದಲೇ ಇವರನ್ನು ಮನೆಗೆ ಕಳಿಸಿದರು.

"ನನ್ನ ಕೊನೇ ಸಿನಿಮಾದ ಟೇಪ್ ಈಗ ಸಿಕ್ಕಿದೆ. ಇಲ್ಲಿನ ವಿಸಿಆರ್‌ನಲ್ಲಿ ಓಡ್ತಿಲ್ಲ. ನಿಮ್ಮ ಯೂನಿವರ್ಸಿಟೀಲಿ ಓಡುತ್ತಾ?"

ಬೇರೆ ದೇಶದ ಟೇಪುಗಳೂ ಓಡುವ ಮಷೀನು ನಮ್ಮಲ್ಲಿತ್ತು. ಒಂದು ಶನಿವಾರ ಮಧ್ಯಾಹ್ನ ಕ್ಲಾಸ್‌ರೂಮ್ ಬುಕ್ ಮಾಡಿದೆ.

"ಲೇ, ಯಾರೇ ಬರ್ತಾರೆ? ಸಮೋಸಾ ಇದೆ ಅಂತ ಮೇಲ್ ಹಾಕು," ಎಂದಳು ನನ್ನ ಬೆಂಗಳೂರಿನ ರೂಮ್‌ಮೇಟ್. ಹಾಗೇ ಮಾಡಿದೆ. ಏಳು ಜನ ಬಂದರು.

ಆ ಎಡಿಟರ್ ಇಸ್ತ್ರಿ ಮಾಡಿದ ಕೋಟು ತೊಟ್ಟು ಹೂಸ್ಟನ್‌ನಿಂದ ಬಸ್ಸಿನಲ್ಲಿ ಬಂದಿದ್ದರು. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ಹೆಂಗಸಿನ ಕಥೆ ಅದು. ಅವಳು ಖಾಲಿ ಕ್ಯಾಂಟೀನಿನಲ್ಲಿ ಸುಮ್ಮನೆ ಕೂತಿರುವ ಉದ್ದನೆಯ ದೃಶ್ಯ ಬರುತ್ತದೆ, ಅದನ್ನು ಎಡಿಟ್ ಮಾಡಿ ಕಟ್ಟಲು ಹನ್ನೊಂದು ದಿನ ಹಿಡಿಯಿತು ಎಂದು ಮೊದಲೇ ಹೇಳಿದ್ದರು. ಪರದೆಯ ಮೇಲೆ ಅವಳು ಕ್ಯಾಂಟೀನಿನ ಬಾಗಿಲು ತೆರೆದಳು. ತಕ್ಷಣ ಡಿಸ್ಕೋ ಹಾಡು ಶುರುವಾಯಿತು.

"ಇದು ನಂದಲ್ಲ," ಎಂದರು. "ಮುಂದೆ ಇರಬಹುದು. ಓಡಿಸಿ."

ಮುಂದೆ ಹೊಡೆದಾಟವಿತ್ತು. ಕೊನೆಯವರೆಗೂ ಓಡಿಸಿದೆ. ಎಡಿಟರ್ ಜಾಗದಲ್ಲಿ ಬೇರೆ ಯಾರದೋ ಹೆಸರು. "ನಿಲ್ಲಿಸಿ!" ಎಂದು ಕೂಗಿ, ನನ್ನ ಕೈ ಹಿಡಿದುಕೊಂಡರು. "ಯೂನಿವರ್ಸಿಟಿ ಕಾಗದದ ಮೇಲೆ ನೀವು ಸ್ಟುಡಿಯೋಗೆ ಬರೀರಿ. ಅಮೆರಿಕದಿಂದ ಅಂದ್ರೆ ಕೇಳ್ತಾರೆ. ನಾನು ಕಟ್ಟಿದ್ದರ ನೆಗೆಟಿವ್ ಇದ್ದೇ ಇರುತ್ತೆ."

ಮೂರು ಪತ್ರ ಬರೆದೆ. ಒಂದಕ್ಕೆ ಸ್ಟುಡಿಯೋದಿಂದ ಉತ್ತರ ಬಂತು: ನಿರ್ಮಾಪಕರ ಕಂಪನಿ ಮುಚ್ಚಿದೆ, ನೆಗೆಟಿವ್ ನಮ್ಮ ಉಗ್ರಾಣದಲ್ಲಿಲ್ಲ.

ಫೋನಿನಲ್ಲಿ ಓದಿ ಹೇಳಿದೆ.

"ಸರಿಯಾಗಿ ಹುಡುಕಿದ್ರಂತಾ?"

ಪತ್ರದಲ್ಲಿ ಅಷ್ಟೇ ಇದೆ ಎಂದೆ.

"ಹಾಗಾದ್ರೆ ಬರ್ಕೊಳ್ಳಿ," ಎಂದರು. ಆ ದೃಶ್ಯವನ್ನು ಶಾಟ್ ಶಾಟ್ ಆಗಿ ಹೇಳತೊಡಗಿದರು. ಬಾಗಿಲು. ಮಡಚಿಟ್ಟ ಕುರ್ಚಿಗಳು. ಅವಳ ಬೆನ್ನು. ನಲ್ಲಿಯ ಕೆಳಗೆ ಒಂದು ಬಟ್ಟಲು. ನಾನು ಅವಸರದಲ್ಲಿ ಬರೆದುಕೊಂಡೆ.

"ಐದನೇದು..." ಎಂದು ತಡೆದರು. "ಐದನೇದು ಏನಿತ್ತು? ನೀವು ನೋಡಿದ್ರಲ್ಲ, ಹೇಳಿ."

ನಾನೆಲ್ಲಿ ನೋಡಿದ್ದೆ!