ಡ್ರೈವ್‌ವೇ ಮೇಲಿನ ಆಸ್ಟ್ರಿಯಾ

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಸೊಟ್ಟಗಾಗಿತ್ತು. ಉಡುಪಿ ಕಡೆಯ ಕಾಲೇಜೊಂದರಲ್ಲಿ ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದು ಯುರೋಪಿನ ಚರಿತ್ರೆ ಕಲಿಸಿದ ಬೆರಳು. ಕಡಲಾಚೆ ಈ ಪಾಯಿಂಟ್ ಕುಕ್‌ನಲ್ಲಿ ನಮ್ಮ ಪಕ್ಕದ ಮನೆಗೆ, ಸೋದರಸೊಸೆಯ ಜೊತೆ ಇರಲು ಬಂದ ಮೇಲೂ ಅದು ಸುಮ್ಮನಿರಲಿಲ್ಲ. ಬೀದಿಯ ಮಕ್ಕಳಿಂದ ಬಣ್ಣದ ಚಾಕ್ ಇಸಿದುಕೊಂಡು, ಡ್ರೈವ್‌ವೇಯ ಕಾಂಕ್ರೀಟಿನ ತುಂಬ ಯುರೋಪಿನ ನಕ್ಷೆ ಬರೆಯುತ್ತಿದ್ದರು. ಪುಸ್ತಕ ಗಿಸ್ತಕ ಏನೂ ಬೇಕಿರಲಿಲ್ಲ.

ಸಂಜೆ ಸೊಸೆ ಕೆಲಸದಿಂದ ಬಂದು ಕಾರು ಒಳಗೆ ತಿರುಗಿಸಿದರೆ, "ಆಸ್ಟ್ರಿಯಾದ ಮೇಲೆ ಹತ್ತಿಸಬೇಡ ಮಾರಾಯ್ತಿ, ಈಗಷ್ಟೇ ಒಂದು ಯುದ್ಧ ಮುಗಿದದ್ದು" ಎನ್ನುವರು. ಪಾಪ, ಅವಳು ಕಾರನ್ನು ರಸ್ತೆಯಲ್ಲೇ ಬಿಡುತ್ತಿದ್ದಳು.

ಮೊದಲ ದಿನ ನಾನು ಅವರನ್ನು ಅಂಕಲ್ ಎಂದು ಕರೆದು ಬೈಸಿಕೊಂಡೆ. "ಅಂಕಲ್ ಅಂದ್ರೆ ಎಂತ? ದೊಡ್ಡಪ್ಪನಾ, ಚಿಕ್ಕಪ್ಪನಾ, ಸೋದರಮಾವನಾ?" ಅಂದಿನಿಂದ ನನಗೂ ಅವರು ಮಾವ.

ಅವರದು ಒಂದೇ ವಾದ. ಆಸ್ಟ್ರಿಯಾದ ದೊರೆಗೆ ಗಂಡುಮಕ್ಕಳು ಉಳಿಯಲಿಲ್ಲ. ಮಗಳು ಪಟ್ಟಕ್ಕೆ ಬಂದಳೆಂದು ಅಕ್ಕಪಕ್ಕದ ರಾಜರೆಲ್ಲ ಮೇಲೆ ಬಿದ್ದರು, ಒಂದು ಪ್ರಾಂತ್ಯವೇ ಕೈಬಿಟ್ಟುಹೋಯಿತು. "ನಮ್ಮ ತುಳುನಾಡಿನ ಅಳಿಯಕಟ್ಟು ಅವರಿಗೆ ಗೊತ್ತಿದ್ರೆ ಈ ರಗಳೆಯೇ ಇರ್ತಿರಲಿಲ್ಲ. ವಂಶ ಹೆಣ್ಣಿನಿಂದ, ಯಜಮಾನಿಕೆ ಸೋದರಮಾವನದ್ದು, ಅವನ ನಂತರ ಅಕ್ಕತಂಗಿಯರ ಮಕ್ಕಳದ್ದು. ಮುಗೀತು." ಹೇಳಿದಂತೆ ಬದುಕಿದವರು ಅವರು. ತಂಗಿ ತೀರಿಕೊಂಡಾಗ ಕೈಗೂಸಾಗಿದ್ದ ಈ ಸೊಸೆಯನ್ನು ಸಾಕಿ ಓದಿಸಿದರು. ತಾವು ಮದುವೆಯನ್ನೂ ಆಗಲಿಲ್ಲ.

ವಿಸಿಟರ್ ವೀಸಾ ಮುಗಿಯುತ್ತ ಬಂತು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ, ಊರಿನಲ್ಲಿ ಸ್ವಂತದವರು ಯಾರೂ ಇಲ್ಲ. ಹೇಗಾದರೂ ಇಲ್ಲೇ ಉಳಿಸಿಕೊಳ್ಳಬೇಕೆಂದು ಸೊಸೆ ಹಟ ಹಿಡಿದಳು. ಅಪ್ಪ ಅಮ್ಮಂದಿರಿಗೆ ಸಿಗುವ ವೀಸಾ ಮಾವನಿಗೂ ಸಿಕ್ಕೇ ಸಿಗುತ್ತದೆಂದು ನಂಬಿದ್ದಳು. ಅವಳು ಬೆಳೆದ ಮನೆಯಲ್ಲಿ ಮಾವನಿಗಿಂತ ದೊಡ್ಡವರು ಇರಲೇ ಇಲ್ಲವಲ್ಲ. ವೀಸಾ ಏಜೆಂಟನ ಹತ್ತಿರ ಅವರ ಜೊತೆ ನಾನೂ ಹೋದೆ. ಆತ ಬೆಂಗಳೂರಿನವನು.

"ಪೇರೆಂಟ್ಸ್ ಕ್ಯೂನೇ ವರ್ಷಗಟ್ಟಲೆ ಇದೆ ಮೇಡಂ, ಅದ್ರಲ್ಲಿ ಇವ್ರು ಬರಲ್ಲ. ಅಂಕಲ್‌ಗಳಿಗೆ ಬೇರೆ ಕ್ಯೂ. ಅಪ್ಲೈ ಮಾಡ್ಬಹುದು, ಆದ್ರೆ ಅದು ಮುಗಿಯೋಷ್ಟರಲ್ಲಿ..." ಎಂದವನು ಮಾವನ ಮುಖ ನೋಡಿ ನಿಲ್ಲಿಸಿದ.

"ನಾನಿರುವುದಿಲ್ಲ ಅಂತ ಅಲ್ವಾ? ಹೇಳಿ, ಅದರಲ್ಲೆಂತ ನಾಚಿಕೆ" ಎಂದರು ಮಾವ.

ಫ್ರೀವೇಯುದ್ದಕ್ಕೂ ಸೊಸೆ ಅಳುತ್ತಲೇ ಕಾರು ಓಡಿಸಿದಳು. ನನ್ನ ಬಾಯಿಯೋ ಸುಮ್ಮನಿರುವುದಲ್ಲ. "ಪೋಲೆಂಡ್ ಮ್ಯಾಪಿಂದ್ಲೇ ಅಳಿಸಿಹೋಗಿ, ನೂರು ವರ್ಷ ದಾಟಿದ ಮೇಲೂ ವಾಪಸ್ ಬಂತು ಅಂತ ನೀವೇ ಹೇಳಿದ್ರಲ್ಲ ಮಾವ" ಎಂದೆ.

"ಬಂತು" ಎಂದರು. "ಆದ್ರೆ ಅದು ಹೋಗುವಾಗ ಅತ್ತವರಲ್ಲಿ ಒಬ್ಬರೂ ಬರುವುದನ್ನು ನೋಡ್ಲಿಲ್ಲ."

ಹೊರಡುವ ಬೆಳಿಗ್ಗೆ ತಾವೇ ಪೈಪು ಹಿಡಿದು ಡ್ರೈವ್‌ವೇ ತೊಳೆದರು. ಆಸ್ಟ್ರಿಯಾ, ಪೋಲೆಂಡ್ ಎಲ್ಲ ಬಣ್ಣದ ನೀರಾಗಿ ಚರಂಡಿಗೆ ಹೋದವು. "ಇನ್ನು ಗಾಡಿ ಒಳಗೆ ನಿಲ್ಲಿಸು ಮಗಾ" ಎಂದರು.

ಆ ಮಳೆಗಾಲದಲ್ಲೇ ಊರಿನಲ್ಲಿ ತೀರಿಕೊಂಡರು. ಅಳಿಯಕಟ್ಟಿನಲ್ಲಿ ಮಾವನ ಕ್ರಿಯೆ ಮಾಡಬೇಕಾದ್ದು ತಂಗಿಯ ಸಂತಾನ. ಆಫೀಸಿನಲ್ಲಿ ಸೊಸೆ ರಜೆ ಕೇಳಿದಾಗ, ಸತ್ತವರು ನಿನಗೇನಾಗಬೇಕು ಎಂದರಂತೆ. ಇವಳು ಅಂಕಲ್ ಎಂದಳಂತೆ. ಮನೆಯವರ ಸಾವಿಗೆ ಕೊಡುವ ಆ ರಜೆ ಅಂಕಲ್‌ಗೆ ಇಲ್ಲವಂತೆ. ಅವಳು ಜಗಳವಾಡಿ ರಜೆ ಪಡೆದು ಟಿಕೆಟ್ ಮಾಡಿಸುವಷ್ಟರಲ್ಲಿ ಅಲ್ಲಿ ನೆರೆಯವರು ಚಿತೆಗೆ ಬೆಂಕಿ ಕೊಟ್ಟು ಮುಗಿಸಿದ್ದರು.

ಎಂಥ ಮನುಷ್ಯನನ್ನು ಕಳಿಸಿಬಿಟ್ಟೆವು. ಡ್ರೈವ್‌ವೇ ಈಗ ಖಾಲಿಯಾಗಿದೆ, ಒಂದು ಗೆರೆಯೂ ಇಲ್ಲ. ಅವಳು ಇವತ್ತಿಗೂ ಕಾರನ್ನು ರಸ್ತೆಯಲ್ಲೇ ಬಿಡುತ್ತಾಳೆ. ಒಳಗೆ ನಿಲ್ಲಿಸು ಎಂದು ಹೇಳಲು ನನಗೂ ಬಾಯಿ ಬರುವುದಿಲ್ಲ.