ಬ್ಯಾಂಜೋಗೆ ನೀರು

ಆ ಶುಕ್ರವಾರ ಸೌದಿಯ ಹಫ್ರ್ ಅಲ್ ಬಾತಿನ್‌ನ ನಮ್ಮ ಬಾಡಿಗೆ ಮನೆಯಲ್ಲಿ ಇದ್ದವರು ನಾಲ್ವರು: ನಾನು, ನನ್ನ ಹೆಂಡತಿ ಲಲಿತಾ, ಉಪ್ಪಿನಂಗಡಿ ಕಡೆಯ ಅಂಗಡಿಕಾರ ಹಂಝಾಕ ಮತ್ತು ರಿಯಾದಿನಿಂದ ಕಾರು ಓಡಿಸಿಕೊಂಡು ಬಂದಿದ್ದ ಫೈಸಲ್. ಅರಬರ ತಂತಿವಾದ್ಯ ಊದ್ ಕಲಿಸುವ ಮೇಷ್ಟ್ರು ಆತ. ಸೋಫಾದ ಮೇಲೆ, ನೋಡಲು ಬಂದವರೆದುರು ಕುಳಿತ ಹುಡುಗಿಯಂತೆ, ನಮ್ಮ ಬ್ಯಾಂಜೋ. ಅಡುಗೆಮನೆಯ ಸಿಂಕಿನ ಪಕ್ಕ ತೂತು ಕೊರೆದ ಗುಲಾಬಿ ಬಣ್ಣದ ಸೋಪಿನ ಡಬ್ಬಿಯೊಂದಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ನಿಮಗೆ ಆಶ್ಚರ್ಯವಾದೀತು, ಇಂಥ ವಾದ್ಯ ನನ್ನಂಥ ಏಸಿ ಮೆಕ್ಯಾನಿಕ್‌ನ ಮನೆಗೆ ಹೇಗೆ ಬಂತೆಂದು. ನಾನು ಕೆಲಸ ಮಾಡುತ್ತಿದ್ದ ಕ್ಯಾಂಪಿನಲ್ಲಿ ವಾಲ್ಟರ್ ಎಂಬ ಅಮೆರಿಕದ ಮುದುಕರಿದ್ದರು. ಲಲಿತಾಳ ಮೀನು ಸಾರಿಗೆ ಮನಸೋತು ಶುಕ್ರವಾರವೆಂದರೆ ನಮ್ಮಲ್ಲೇ ಊಟ. ಊಟವಾದ ಮೇಲೆ ಬ್ಲೂಗ್ರಾಸ್ ಎಂಬ ತಮ್ಮ ಬೆಟ್ಟದ ಸೀಮೆಯ ಸಂಗೀತವನ್ನು, ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ, ನುಡಿಸುವರು. ಆ ಬೆಟ್ಟದ ಬಡಗಿಯೊಬ್ಬ ಕೈಯಿಂದಲೇ ಮಾಡಿ ಚರ್ಮ ಬಿಗಿದ ಬ್ಯಾಂಜೋ ಅದು. ಯಾವ ಮರ, ಯಾರ ಕೈಯಿಂದ ಯಾರ ಕೈಗೆ ಎಂಬುದೆಲ್ಲ ಒಂದು ಫೈಲಿನಲ್ಲಿತ್ತು. ಕೈಬಿಡುವಾಗ ಪ್ರತಿಯೊಬ್ಬ ಒಡೆಯನೂ ಎಲ್ಲೆಲ್ಲಿ ನುಡಿಸಿದೆನೆಂದು ಒಂದು ಪುಟ ಬರೆದಿಡುವುದು ಪದ್ಧತಿ. "ಇದರ ಕಾಗದ ನಮ್ಮ ಇಕಾಮಾಕ್ಕಿಂತ ಗಟ್ಟಿ ಉಂಟು ಮಾರಾಯ್ರೆ" ಎಂದು, ಸೌದಿಯ ವಾಸದ ಪರವಾನಗಿಗೆ ಹೋಲಿಸಿ, ಹಂಝಾಕ ನಗುತ್ತಿದ್ದರು. ತಮ್ಮ ನಂತರ ತಮ್ಮೂರಿನಲ್ಲಿ ನುಡಿಸುವವರಿಲ್ಲವೆಂದು ವಾಲ್ಟರ್ ದೇಶಕ್ಕೆ ಮರಳುವಾಗ ಅದನ್ನು ನಮಗೇ ಕೊಟ್ಟರು. ನನಗೋ ಒಂದು ತಂತಿ ಮೀಟಲೂ ಬಾರದು.

ಈಗ ನಾವೇ ಹೊರಡುವ ಹೊತ್ತು. ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಹೋಗುವ ಕೊನೆಯ ಮುದ್ರೆ, ಬಿದ್ದಾಗಿತ್ತು. ನಮ್ಮ ಊರಿನ ಮಳೆಗಾಲದ ಬೂಷ್ಟಿಗೆ ಆ ಚರ್ಮ ಉಳಿಯುವುದಿಲ್ಲ. ನುಡಿಸುವ ಕೈಗೆ ಒಪ್ಪಿಸದೆ ವಿಮಾನ ಹತ್ತಿದರೆ ವಾಲ್ಟರ್ ಕೊಟ್ಟದ್ದನ್ನು ನಾನೇ ಕೊಂದ ಹಾಗೆ.

ಬ್ಯಾಂಜೋ ಬೇಕೆಂದು ಬಂದಿದ್ದ ಫೈಸಲ್ ಫೈಲು ಓದಿದ. ವಾಲ್ಟರ್ ಬರೆದ ಪುಟದ ನಂತರ ಏನೂ ಇರಲಿಲ್ಲ. ಅವನ ಮುಖ ಸಪ್ಪಗಾಯಿತು. ಅವನ ಅರಬಿಯನ್ನು ಹಂಝಾಕ ಕನ್ನಡಕ್ಕೆ ತಂದರು: "ಇಷ್ಟು ವರ್ಷ ಈ ಒಣ ಹವೆಯಲ್ಲಿ ಹಾಗೇ ಬಿದ್ದಿದ್ದರೆ ಮರ ಒಳಗೇ ಸೀಳಿರ್ತದಂತೆ. ಯಾರು ನೋಡಿಕೊಂಡದ್ದು ಅಂತ ಗೊತ್ತಾಗದೆ ತೆಗೊಳ್ಳುವುದಿಲ್ಲ ಅಂತಾನೆ. ಎಂತ ಹೇಳ್ಲಿ?"

ಮುಂದಿನ ಪುಟ ಬರೆಯಬೇಕಾದವನು ನಾನು. ನುಡಿಸದವನು ಏನು ಬರೆದಾನು?

ಲಲಿತಾ ಎದ್ದು ಹೋಗಿ ಸೋಪಿನ ಡಬ್ಬಿ ತಂದಳು. ಮುಚ್ಚಳ ತೆಗೆದು ಒಳಗಿನ ಒದ್ದೆ ಸ್ಪಂಜು ತೋರಿಸಿದಳು. "ಮರ ಒಣಗದ ಹಾಗೆ ಬ್ಯಾಂಜೋ ಪೆಟ್ಟಿಗೆಯೊಳಗೆ ಇದನ್ನು ಇಡಿ ಅಂತ ವಾಲ್ಟರ್ ಹೇಳಿದ್ರು. ದಿನಾ ತುಳಸಿಗೆ ನೀರು ಹಾಕುವಾಗ ಇದಕ್ಕೂ ಹಾಕಿ ಹಿಂಡಿ ಇಡ್ತೇನೆ. ನಾವು ಊರಿಗೆ ಹೋದಾಗ ಹಂಝಾಕನ ಮನೆಯವರು ಮಾಡಿದ್ದಾರೆ. ಅದರಲ್ಲಿ ಬರೆಯಲಿಕ್ಕೆ ಎಂತ ಉಂಟು?"

"ನನ್ನ ಹೆಂಡತಿ ನನಗೆ ಅಷ್ಟು ನೆನಪಿನಲ್ಲಿ ಚಾ ಕೊಡುವುದಿಲ್ಲ" ಎಂದರು ಹಂಝಾಕ, ಮತ್ತೆ ಅದನ್ನೆಲ್ಲ ಅರಬಿಯಲ್ಲಿ ಹೇಳಿದರು.

ಫೈಸಲ್ ಸ್ಪಂಜು ಮುಟ್ಟಿ ನೋಡಿದ. ವಾದ್ಯವನ್ನು ತೊಡೆಗೇರಿಸಿ, ಮರಕ್ಕೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದ. ತಂತಿ ಬಿಗಿದು ತನ್ನ ಮರಳುನಾಡಿನ ರಾಗವೊಂದನ್ನು ಅದರಲ್ಲಿ ಮೆಲ್ಲಗೆ ಹುಡುಕತೊಡಗಿದ. ವರ್ಷಗಳಿಂದ ಮೂಕವಾಗಿದ್ದ ನಮ್ಮ ಶುಕ್ರವಾರ ಮಾತಾಡಿತು. ಕೊನೆಗೆ ಪೆನ್ನನ್ನು ಅವನು ಚಾಚಿದ್ದು ನನ್ನತ್ತ ಅಲ್ಲ, ಲಲಿತಾಳತ್ತ. ಅವಳು ಕನ್ನಡದಲ್ಲಿ ಬರೆದಳು: "ನಾವು ನುಡಿಸಲಿಲ್ಲ. ನೀರು ಕೊಟ್ಟೆವು."

ಓದುಗ ಮಿತ್ರರೇ, ನಮ್ಮನ್ನು ಒಣಗಲು ಬಿಡದೆ ಹೀಗೆ ದಿನಾ ಒದ್ದೆಯಿಟ್ಟವರು ಎಷ್ಟು ಮಂದಿಯೋ. ಆ ನಾಡಿನಲ್ಲಿ ನನಗೂ ಅಂಥವರಿದ್ದರು. ಅಂಗಡಿಯ ಸಾಲಕ್ಕೆ ಎಂದೂ ಅವಸರಿಸದ ಹಂಝಾಕನಿಗೆ ನಾನು ಒಮ್ಮೆಯೂ ಬಾಯಿಬಿಟ್ಟು ಉಪಕಾರ ಸ್ಮರಿಸಿದವನಲ್ಲ. ಅಂದು ಸ್ಮರಿಸಿದೆ. "ನಿಮಗೆ ಎಂತ ಆಗಿದೆ, ಬಿಸಿಲು ಹೊಡೆಯಿತಾ?" ಎಂದರು.

ನಾವು ಊರು ಸೇರಿದ ಮೇಲೆ, ಒಂದು ಸಂಜೆ, ಫೈಸಲ್ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ. ಶಿಷ್ಯರ ನಡುವೆ ಬ್ಯಾಂಜೋ ನುಡಿಸುತ್ತಿದ್ದಾನೆ. ಪಕ್ಕದಲ್ಲಿ ತೆರೆದ ಪೆಟ್ಟಿಗೆ, ಅದರಲ್ಲಿ ಗುಲಾಬಿ ಡಬ್ಬಿ. ಲಲಿತಾ ಪೂರ್ತಿ ಕೇಳಿ, "ಸ್ಪಂಜು ಒದ್ದೆ ಉಂಟಾ ಕೇಳಿ" ಎಂದಳು. ಕೇಳಿದೆ.

ಬೆಳಿಗ್ಗೆಯೇ ಹಿಂಡಿ ಇಟ್ಟಿದ್ದೇನೆ ಎಂದು ಉತ್ತರ ಬಂತು.