ನಿಮ್ಮಪ್ಪಂಗೆ ಯೋಳು

ನಾನು ಮೊದಲ ಪಿಯುಸಿ ಓದುತ್ತಿದ್ದಾಗ ಅಪ್ಪ ಅವ್ವ ಮಾತು ಬಿಟ್ಟರು. ಕಾರಣ ನನ್ನ ಸೋದರಮಾವ. ಹೊಸ ಮನೆಯ ಗೃಹಪ್ರವೇಶಕ್ಕೆ ಹಂಪಾಪುರದ ನಮ್ಮ ಮನೆಗೆ ಬಂದು ಕರೆಯುವುದು ಬಿಟ್ಟು, ವಾಟ್ಸಾಪ್‌ನಲ್ಲಿ ಪತ್ರಿಕೆ ಕಳಿಸಿದ್ದ. ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ, ಹೋಗಲಿಲ್ಲ. ತವರು ಬಿಡಲಾರದೆ ಅವ್ವ ಒಬ್ಬಳೇ ಹೋಗಿಬಂದಳು. ಅಂದಿನಿಂದ ಇಬ್ಬರ ನಡುವೆ ನಾನೇ ಟಪಾಲು.

"ನಿಮ್ಮಪ್ಪಂಗೆ ಯೋಳು, ಇಟ್ಟು ತಣ್ಣಗಾಯ್ತದೆ."

"ನಿಮ್ಮವ್ವಂಗೆ ಯೋಳು, ನಂಗೆ ಅಸಿವಿಲ್ಲ."

ಮೂವರೂ ಅದೇ ಅಡುಗೆಮನೆಯಲ್ಲಿ ಕೂತಿರುತ್ತಿದ್ದೆವು. ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು. ಆದರೂ ಮಾತು ನನ್ನ ಬಾಯಿಂದಲೇ ಬರಬೇಕು. ಹೊಲದಲ್ಲಿದ್ದ ಅಪ್ಪನಿಗೆ ಒಯ್ಯುವ ಮಾತಾದರೆ ದಾರಿಯಲ್ಲೇ ಅದರ ಖಾರ ತೆಗೆದು ಒಪ್ಪಿಸುತ್ತಿದ್ದೆ. ಸಿಟ್ಟು ಬರುತ್ತಿತ್ತು, ಸಿಟ್ಟಿಗಿಂತ ಹೆಚ್ಚು ಹೆದರಿಕೆ. ನನ್ನಿಂದ ಒಂದು ಮಾತು ಹೆಚ್ಚುಕಮ್ಮಿಯಾದರೆ ಅವ್ವ ತವರಿಗೆ ಹೊರಟೇಬಿಡುತ್ತಾಳೆ ಅನ್ನಿಸುತ್ತಿತ್ತು. ಊಟದ ಹೊತ್ತಾದರೆ ಸಾಕು, ಎದೆ ಡವಡವ.

ಕಾಲೇಜಿನ ಹುಡುಗಿಯರ ಕಬಡ್ಡಿ ತಂಡಕ್ಕೆ ನಾನೇ ರೈಡರ್. ಜಿಲ್ಲಾ ಪಂದ್ಯಕ್ಕೆ ವೈದ್ಯರ ಸರ್ಟಿಫಿಕೇಟ್ ಬೇಕಿತ್ತು. ಕೋಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. ಈ ವಯಸ್ಸಿಗೆ ಇದು ಜಾಸ್ತಿ ಅಂದರು. ರಕ್ತ, ಮೂತ್ರ, ಇಸಿಜಿ ಎಲ್ಲ ಆಯಿತು, ಏನೂ ಸಿಗಲಿಲ್ಲ.

"ಅಪ್ಪ ಅಮ್ಮನ್ನ ಕರ್ಕೊಂಡು ಬಾ. ಅಲ್ಲಿವರೆಗೂ ಆಟ ಬೇಡ."

ಅಲ್ಲೇ ಅತ್ತುಬಿಟ್ಟೆ.

ಮುಂದಿನ ಸಲ ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು: ಅಪ್ಪ ಹಿಂದೆ, ಅವ್ವ ಮುಂದೆ, ನಾನು ನಡುವೆ. ಡಾಕ್ಟರಮ್ಮ ಅವರನ್ನು ಹೊರಗೆ ಕೂರಿಸಿ, ನನ್ನನ್ನು ಸುಮ್ಮನೆ ಕೂರಲು ಬಿಟ್ಟು ಬಿಪಿ ನೋಡಿದರು. ಪರವಾಗಿಲ್ಲ, ಇಳಿದಿದೆ ಅಂದರು. ತೋಳಿನ ಪಟ್ಟಿ ಬಿಚ್ಚದೆ ಅವರಿಬ್ಬರನ್ನೂ ಒಳಗೆ ಕರೆದು, ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯಾ ಎಂದು ಕೇಳಿದರು.

ಅವ್ವ ನನ್ನ ಕಡೆ ತಿರುಗಿದಳು. "ನಿಮ್ಮಪ್ಪಂಗೆ ಯೋಳು, ಅವರವ್ವಂಗೆ ಇತ್ತಲ್ಲ, ಅದ್ನ ಯೋಳ್ಲಿ."

"ನಿಮ್ಮವ್ವಂಗೆ ಯೋಳು, ಸತ್ತೋರ್ನ ಎಳೀಬ್ಯಾಡ ಅಂತ!"

ಏನು ಹೇಳಲಿ? ಒಮ್ಮೆ ಅಪ್ಪನ ಮುಖ, ಒಮ್ಮೆ ಅವ್ವನ ಮುಖ ನೋಡಿದೆ. ಡಾಕ್ಟರಮ್ಮ ಮತ್ತೆ ಪಟ್ಟಿಗೆ ಗಾಳಿ ತುಂಬಿದರು. ಆಮೇಲೆ ಮೆಷಿನ್ನನ್ನು ಅವರಿಬ್ಬರ ಕಡೆಗೆ ತಿರುಗಿಸಿದರು. ಅಂಕಿ ಏರಿತ್ತು.

"ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ನಿಮ್ಮಿಬ್ಬರ ಜಗಳ ಇವಳ ಮೈಯೊಳಗೆ ನಡೀತಿದೆ. ನೀವೇ ನೋಡಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಿಂಗಳುಗಳ ಮೇಲೆ ಅಪ್ಪನ ಮುಖ ನೋಡಿ ಮಾತಾಡಿದಳು.

"ಇನ್ಮೇಲೆ ಮಗೀನ ಕೈಲಿ ಯೋಳಿಸ್ಬ್ಯಾಡಿ ಕಣ್ರೀ."

"ಶುರು ಮಾಡ್ದೋಳು ನೀನು ಕಣಮ್ಮಿ."

ಸರ್ಟಿಫಿಕೇಟ್ ಅವತ್ತು ಸಿಗಲಿಲ್ಲ. ಆ ವರ್ಷದ ಪಂದ್ಯವೂ ತಪ್ಪಿತು. ಅದಕ್ಕೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ವಾಪಸ್ ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಅದೇ ಸೀಟಿನಲ್ಲಿ ನಾನು ಕಿಟಕಿ ಪಕ್ಕ. ವಾಟ್ಸಾಪ್ ಪತ್ರಿಕೆ, ಸೋದರಮಾವ, ಸತ್ತ ಅಜ್ಜಿ, ಎಲ್ಲವನ್ನೂ ಎತ್ತಿಕೊಂಡು ನೇರಾನೇರ ಜಗಳವಾಡಿದರು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಯಾರೂ ನನಗೆ ಏನನ್ನೂ ಯೋಳು ಅನ್ನಲಿಲ್ಲ. ಹಂಪಾಪುರ ಬಂದಾಗ ಅವ್ವ ನನ್ನನ್ನು ತಟ್ಟಿ ಎಬ್ಬಿಸಬೇಕಾಯಿತು.